ಒದ್ದೆ ರೆಪ್ಪೆಯ ಕಾವು

ಆ ಊರಿನಲ್ಲಿ ಮಕ್ಕಳಿಗೆ ಹೆಸರು ಕೊಡುತ್ತಿದ್ದುದು ಕೋಳಿಮರಿ. ನಗಬೇಡಿ. ನಿಮ್ಮೂರಿನ ಪದ್ಧತಿಗಳನ್ನು ಅವರ ಮುಂದೆ ಹೇಳಿದರೆ ಅವರೂ ನಗುತ್ತಾರೆ.

ಮಗು ಹುಟ್ಟಿದ ಮೂರನೆಯ ದಿನ ತಾಯಿ ಒಂದು ಮೊಟ್ಟೆಯನ್ನು ಸೆರಗಿನಲ್ಲಿಟ್ಟುಕೊಂಡು ಕಾವುಮನೆಗೆ ಬರಬೇಕು. ಅದನ್ನು ತುಟಿಯ ಹತ್ತಿರ ಹಿಡಿದು, ತಾನು ಆರಿಸಿದ ಹೆಸರನ್ನು ಮೊಟ್ಟೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಬೇಕು. ಆಮೇಲೆ ಇಪ್ಪತ್ತೊಂದು ದಿನ ಆ ಹೆಸರನ್ನು ಗಂಡನಿಗೂ ಹೇಳುವಂತಿಲ್ಲ. ಇಪ್ಪತ್ತೊಂದನೆಯ ದಿನ ಚಿಪ್ಪು ಬಿರಿದು ಮರಿ ಚಿಂವ್ ಎಂದರೆ ತಾಯಿ ಬೇವಿನ ಮರದ ಕೆಳಗೆ ನಿಂತು ಹೆಸರನ್ನು ಮೂರು ಸಲ ಕೂಗುತ್ತಾಳೆ, ಊರು ಮೂರು ಸಲ ಓಗೊಡುತ್ತದೆ. ಅಲ್ಲಿಂದ ಮಗು ಆ ಹೆಸರಿನದು.

ಮರಿ ಬರದೆ ಹೋದರೆ ಹೆಸರು ಮೊಟ್ಟೆಯೊಳಗೇ ಸತ್ತಿತು ಎಂದು ಅರ್ಥ. ಸತ್ತ ಹೆಸರಿನಿಂದ ಮಗುವನ್ನು ಕರೆದರೆ ಸಾವು ಓಗೊಡುತ್ತದೆ ಎಂದು ಅವರು ನಂಬಿದ್ದರು. ಆದ್ದರಿಂದ ಹೆಸರಿಲ್ಲದವರನ್ನು ಯಾರೂ ಕೂಗಿ ಕರೆಯುತ್ತಿರಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟುತ್ತಿದ್ದರು. ಹೆಸರಿಲ್ಲದ ಮಕ್ಕಳು ಬೀದಿಯಲ್ಲಿ ಯಾರು ಎಷ್ಟು ಕೂಗಿದರೂ ತಿರುಗಿ ನೋಡದೆ ಬೆಳೆಯುತ್ತಿದ್ದವು. ಕೂಗು ಎಂಬುದು ಯಾವಾಗಲೂ ಬೇರೆ ಯಾರಿಗೋ ಸೇರಿದ್ದು ಎಂದು ಅವಕ್ಕೆ ಗೊತ್ತಿತ್ತು.

ಕಾವುಮನೆಯನ್ನು ನೋಡಿಕೊಳ್ಳುತ್ತಿದ್ದವಳಿಗೂ ಹೆಸರಿರಲಿಲ್ಲ. ಅವಳನ್ನು ಕಾವಿನವಳು ಎನ್ನುತ್ತಿದ್ದರು. ಇದು ಅವಳ ಕಥೆ. ಇದರಲ್ಲಿ ಬರುವ ಉಳಿದವರಲ್ಲಿ ಕೆಲವರಿಗೆ ಹೆಸರಿತ್ತು, ನನಗೂ ಗೊತ್ತು. ಆದರೆ ಇಲ್ಲದವಳ ಕಥೆಯಲ್ಲಿ ಇರುವವರ ಹೆಸರು ಮೆರೆಸುವುದು ಸಣ್ಣತನವಾಗುತ್ತದೆ, ಬಿಡಿ.

ಕಾವುಮನೆ ಎಂದರೆ ತೊರೆಯ ದಾರಿಯಲ್ಲಿದ್ದ ಒಂದು ಗಿಡ್ಡ ಮಣ್ಣಿನ ಮನೆ. ಒಳಗೆ ಮಡಕೆಗಳಲ್ಲಿ ಭತ್ತದ ಹೊಟ್ಟು ಹೊಗೆಯಿಲ್ಲದೆ ಕೆಂಡವಾಗಿ ಕೂತಿರುತ್ತಿತ್ತು. ಮಡಕೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ರಾಗಿಹುಲ್ಲು, ಹುಲ್ಲಿನಲ್ಲಿ ಮೊಟ್ಟೆ. ಮೊಟ್ಟೆಯ ಒಂದು ಮಗ್ಗುಲಿಗೆ ಇದ್ದಿಲಿನಲ್ಲಿ ಗೆರೆ ಎಳೆದಿರುತ್ತಿತ್ತು. ಬೆಳಿಗ್ಗೆ ಗೆರೆ ಮೇಲೆ, ಮಧ್ಯಾಹ್ನ ಗೆರೆ ಕೆಳಗೆ, ಸಂಜೆ ಮತ್ತೆ ಮೇಲೆ. ದಿನಕ್ಕೆ ಮೂರು ಸಲ ಮಗುಚುವುದು, ಮೂರು ಸಲ ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ಕಾವು ನೋಡುವುದು. ಸಾಲದಿದ್ದರೆ ಹೊಟ್ಟು ಕೆದಕುವುದು, ಹೆಚ್ಚಾದರೆ ಬೂದಿ ಮುಚ್ಚುವುದು. ಕೊನೆಯ ಮೂರು ದಿನ ಮಗುಚದೆ ನೀರು ಚಿಮುಕಿಸಿ ಸುಮ್ಮನಿರುವುದು. ಇಷ್ಟೇ ಅವಳ ಬದುಕು.

ಈ ಕೆಲಸವನ್ನು ಅವಳಿಗೆ ಕಲಿಸಿದವಳು ಹಿಂದಿನ ಕಾವಿನವಳು. "ಕೈಯ ನಂಬ್ಬೇಡ ಕಣೆ," ಎನ್ನುತ್ತಿದ್ದಳು ಆ ಮುದುಕಿ. "ಕೆಲಸ ಮಾಡಿ ಮಾಡಿ ಕೈ ದಡ್ಡಾಗಿರತ್ತೆ. ರೆಪ್ಪೆನ ಕೇಳು." ತಾಯಂದಿರು ಮೊಟ್ಟೆಗೆ ಹೆಸರು ಹೇಳುವಾಗ ಎರಡೂ ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಕಲಿಸಿದ್ದಳು. ಕೊನೆಗೆ ಸಾಯುವ ಮುಂಚೆ ಇನ್ನೊಂದು ಮಾತು ಹೇಳಿದ್ದಳು: "ಮೊಟ್ಟೆ ಕಾವಲ್ಲಿರೋವಾಗ ಅಳಬೇಡ. ಏನೇ ಆಗ್ಲಿ, ಅಳಬೇಡ. ಅತ್ತವಳಿಗೆ ಈ ಮನೇಲಿ ಜಾಗ ಇಲ್ಲ. ತೊರೆ ಆಚೆಗೆ ಅಟ್ಟಿಬಿಡ್ತಾರೆ."

ಯಾಕೆ ಎಂದು ಮುದುಕಿ ಹೇಳಲಿಲ್ಲ. ಇವಳೂ ಕೇಳಲಿಲ್ಲ. ಅಳುವುದಕ್ಕೆ ಏನಿದೆ ತನಗೆ ಎಂದುಕೊಂಡಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಕರೆಯುವವರಿಲ್ಲ. ತಲೆಯ ಮೇಲೊಂದು ಸೂರು ಇತ್ತು, ಅದು ಬೆಚ್ಚಗಿತ್ತು. ಇಪ್ಪತ್ತು ವರ್ಷ ಅವಳ ರೆಪ್ಪೆ ಒಣಗಿಯೇ ಇತ್ತು.

ಆಮೇಲೆ ಒಂದು ಮಾಗಿಯ ಚಳಿಯಲ್ಲಿ ಕುಂಬಾರಗಿತ್ತಿ ಬಂದಳು.

ಕಾವುಮನೆಯ ಮಡಕೆಗಳನ್ನೆಲ್ಲ ಮಾಡಿಕೊಟ್ಟವಳು ಅವಳೇ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆತ್ತಿದ್ದಳು, ಹೆಣ್ಣುಮಗು. ಆ ತಿಂಗಳು ಊರಿನಲ್ಲಿ ಬೇರೆ ಹೆರಿಗೆ ಆಗಿರಲಿಲ್ಲ. ಬುಟ್ಟಿಗಳೆಲ್ಲ ಖಾಲಿ. ಒಂಟಿ ಮೊಟ್ಟೆಗೆ ಪಕ್ಕದ ಮೊಟ್ಟೆಗಳ ಬಿಸಿ ಸಿಗುವುದಿಲ್ಲ, ಬೆಂಕಿಯನ್ನು ಹೆಚ್ಚು ಗಮನಿಸಬೇಕು ಎಂದುಕೊಳ್ಳುತ್ತಾ ಕಾವಿನವಳು ಹತ್ತಿ ಇಟ್ಟುಕೊಂಡು ಹುಲ್ಲು ಹಾಸಲು ಬಗ್ಗಿದಳು. ಬಗ್ಗಿದಾಗ ಎಡಗಿವಿಯ ಹತ್ತಿ ಜಾರಿತು.

"ತುಂಬೆ," ಎಂದಳು ಕುಂಬಾರಗಿತ್ತಿ ಮೊಟ್ಟೆಗೆ.

ತುಂಬೆ ಎಂಬುದೇನು ಅಪರೂಪದ ಹೂವೇ? ಬೇಲಿ ಬೇಲಿಯಲ್ಲೂ ಬಿಡುತ್ತದೆ, ಬೆರಳ ತುದಿಯಷ್ಟು ಬಿಳುಪು. ಆದರೆ ಅವಳು ಅದನ್ನು ಹೇಳಿದ ಬಗೆ! ಒಂಬತ್ತು ವರ್ಷ ಬಾಯಲ್ಲಿಟ್ಟುಕೊಂಡು ಕಾದಿದ್ದ ಮಾತನ್ನು ಈಗ ಒಂದು ಚಿಪ್ಪಿನ ಮೇಲೆ ಇಟ್ಟಳು, ಇಟ್ಟು ಅದಕ್ಕೆ ಕೆನ್ನೆ ತಾಗಿಸಿದಳು. ಆಮೇಲೆ ಮೊಟ್ಟೆಯನ್ನು ಕಾವಿನವಳ ಕೈಗೆ ಕೊಟ್ಟು, "ಅಕ್ಕಾ, ಜೋಪಾನ," ಎಂದು ನಕ್ಕು ಹೋದಳು.

ಕಾವಿನವಳು ಕೈಯಲ್ಲಿ ಮೊಟ್ಟೆ ಹಿಡಿದು ನಿಂತೇ ಇದ್ದಳು. ನನ್ನ ಅವ್ವನೂ ಹೀಗೆ ಬಂದಿದ್ದಳಲ್ಲವೇ, ಎಂದು ಅವಳಿಗೆ ಆವತ್ತು ಹೊಳೆಯಿತು. ಇದೇ ಹೊಸ್ತಿಲು ದಾಟಿ, ಇದೇ ಹುಲ್ಲಿನ ಮುಂದೆ ನಿಂತು, ನನಗೂ ಒಂದನ್ನು ಹೀಗೆಯೇ ಹೇಳಿದ್ದಳಲ್ಲವೇ? ಏನದು? ಹೂವೋ, ನದಿಯೋ, ಅಜ್ಜಿಯ ಹೆಸರೋ? ಹೇಳಿದವಳು ಸತ್ತಿದ್ದಳು. ಕೇಳಿಸಿಕೊಂಡ ಮೊಟ್ಟೆ, ಮರಿಯಾಗದ್ದೆಲ್ಲ ಹೋಗುವಂತೆ, ತೊರೆಯಲ್ಲಿ ಹೋಗಿತ್ತು. ಇಡೀ ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಮಾತು ತನ್ನದಾಗಿತ್ತು.

ಅವಳು ಅತ್ತಳು. ಇಪ್ಪತ್ತು ವರ್ಷದ್ದು ಒಂದೇ ಸಲ ಬಂತು. ಆ ದಿನವೂ ಅತ್ತಳು, ಮರುದಿನವೂ ಅತ್ತಳು, ಹೊಟ್ಟು ಕೆದಕುವಾಗ ಅತ್ತಳು, ಗಂಜಿ ಕುಡಿಯುವಾಗ ಅತ್ತಳು. ಯಾರಾದರೂ ಬಂದಾರೆಂದು ಬಾನಿಯ ತಣ್ಣೀರಿನಲ್ಲಿ ಕಣ್ಣು ತೊಳೆದುಕೊಳ್ಳುತ್ತಿದ್ದಳು, ತೊಳೆದ ಮೇಲೆ ಮತ್ತೆ ಅಳುತ್ತಿದ್ದಳು. ಹೀಗೆ ಆರು ದಿನ.

ಆರು ದಿನವೂ ಮೊಟ್ಟೆ ಮಗುಚುವುದನ್ನು ಅವಳು ತಪ್ಪಿಸಲಿಲ್ಲ. ಮೂರು ಹೊತ್ತೂ ರೆಪ್ಪೆಗೆ ತಾಗಿಸಿ ನೋಡಿದಳು. ಮೊಟ್ಟೆ ಬೆಚ್ಚಗೆ ಹಿತವಾಗಿತ್ತು. ಒಂದೆರಡು ಸಲ ಕಾವು ಜಾಸ್ತಿಯೇ ಆಯಿತೇನೋ ಎನ್ನಿಸಿ ಕೆಂಡಕ್ಕೆ ಬೂದಿ ಮುಚ್ಚಿದಳು.

ಏಳನೆಯ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ಎಳೆಬಿಸಿಲು ಬಿದ್ದಿತ್ತು. ಅತ್ತು ಅತ್ತು ಸಾಕಾಗಿ, ಮುಖವನ್ನು ಬಿಸಿಲಿಗೊಡ್ಡಿ ಕೂತಿದ್ದಳು. ಮುಖ ಒಣಗಿತು. ಒಳಗೆ ಹೋಗಿ ಮೊಟ್ಟೆಯೆತ್ತಿ ರೆಪ್ಪೆಗೆ ತಾಗಿಸಿದಳು.

ಮೊಟ್ಟೆ ತಣ್ಣಗಿತ್ತು.

ಮುದುಕಿ ಯಾಕೆ ಹಾಗೆ ಹೇಳಿದ್ದಳೆಂದು ಆಗ ಅವಳಿಗೆ ಗೊತ್ತಾಯಿತು. ಒದ್ದೆ ರೆಪ್ಪೆ ತಾನೇ ತಣ್ಣಗಿರುತ್ತದೆ. ಅದಕ್ಕೆ ಅರೆಬರೆ ಕಾವೂ ಬೇಕಾದಷ್ಟು ಕಾವೆಂದೇ ತೋರುತ್ತದೆ. ಆರು ದಿನ ಅವಳ ರೆಪ್ಪೆ ಅವಳಿಗೆ ಸುಳ್ಳು ಹೇಳಿತ್ತು.

ಮೊಟ್ಟೆಯನ್ನು ಬಾಗಿಲ ತೂತಿನಿಂದ ಬರುವ ಬಿಸಿಲಕೋಲಿಗೆ ಹಿಡಿದಳು. ಒಳಗೆ ದಾರದಂಥ ಕೆಂಪು ನರಗಳು. ನಡುವೆ ಒಂದು ಚುಕ್ಕೆ ಬಡಿದುಕೊಳ್ಳುತ್ತಿತ್ತು. ಸತ್ತಿಲ್ಲ, ಸದ್ಯ. ಹೊಟ್ಟು ಸುರಿದಳು, ಕೆಂಡ ಕೆದಕಿದಳು, ಬುಟ್ಟಿಗೆ ಕಂಬಳಿ ಸುತ್ತಿದಳು. ಅಲ್ಲಿಂದ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹಿಂದೆ ಬಿದ್ದದ್ದನ್ನು ಮೊಟ್ಟೆ ತುಂಬಿಸಿಕೊಳ್ಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಮೊಟ್ಟೆ ಹಾಗೆಲ್ಲ ಓಡಿ ಬಂದು ಸೇರಿಕೊಳ್ಳುವುದಿಲ್ಲ. ಕಳೆದದ್ದನ್ನು ಅದು ನಿಧಾನವಾಗಿ, ತನ್ನ ಹೆಜ್ಜೆಯಲ್ಲೇ ನಡೆದು ಮುಗಿಸುತ್ತದೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇಡವೆನಿಸಿತ್ತು, ಅಷ್ಟೇ.

ದಿನ ಎಣಿಸುವುದಕ್ಕೆ ಊರಿನಲ್ಲಿ ಒಬ್ಬ ಮುದುಕನಿದ್ದ. ಗಂಟಿನಜ್ಜ ಎನ್ನುತ್ತಿದ್ದರು. ಪ್ರತಿ ಮೊಟ್ಟೆಗೂ ಬೇವಿನ ಕೊಂಬೆಗೆ ಒಂದು ಹಗ್ಗ ಇಳಿಬಿಟ್ಟು, ದಿನಾ ಬೆಳಿಗ್ಗೆ ಬಂದು ಒಂದು ಗಂಟು ಹಾಕುತ್ತಿದ್ದ. ತಾನು ಊಟ ಮಾಡಿದೆನೋ ಇಲ್ಲವೋ ಎಂದು ಸೊಸೆಯನ್ನು ಕೇಳುತ್ತಿದ್ದ ಅಜ್ಜನಿಗೆ ಗಂಟು ಮಾತ್ರ ಒಂದು ದಿನವೂ ಮರೆತಿರಲಿಲ್ಲ.

ಇಪ್ಪತ್ತೊಂದನೆಯ ಗಂಟು ಬಿದ್ದ ದಿನ ಊರೆಲ್ಲ ಬೇವಿನ ಕೆಳಗೆ ಸೇರಿತು. ಕುಂಬಾರಗಿತ್ತಿ ತಲೆಗೆ ನೀರು ಹಾಕಿಕೊಂಡು, ಮಗುವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಬುಟ್ಟಿಯನ್ನು ಹೊರಗೆ ತಂದಿಟ್ಟರು. ಜನ ಬೆಳಿಗ್ಗೆಯೆಲ್ಲ ಕಾದರು. ಮಕ್ಕಳಿಗೆ ಹಸಿವಾಯಿತು. ನೆರಳು ಮರದ ಈ ಕಡೆಯಿಂದ ಆ ಕಡೆಗೆ ಹೋಯಿತು. ಚಿಪ್ಪಿನ ಮೇಲೆ ಒಂದು ಗೀರೂ ಕಾಣಲಿಲ್ಲ.

ಗಂಟಿನಜ್ಜ ಮೊಟ್ಟೆಯನ್ನು ಕಿವಿಗೆ ಹಿಡಿದ. ಮುದುಕನ ಕಿವಿ, ಅದಕ್ಕೆ ಏನು ಕೇಳೀತು. "ಸದ್ದಿಲ್ಲಮ್ಮಾ," ಎಂದ.

ಕುಂಬಾರಗಿತ್ತಿ ಅವನ ಕಡೆ ನೋಡಲಿಲ್ಲ. ಕಾವಿನವಳ ಕಡೆ ತಿರುಗಿದಳು.

"ಅಕ್ಕಾ, ಕಾವು ನೋಡ್ಕೊಂಡೋರು ನೀವು. ನೀವು ಹೇಳಿ. ಎಲ್ಲಾದ್ರೂ ಒಂಚೂರು ಹೆಚ್ಚುಕಮ್ಮಿ ಆಗಿದ್ರೆ ಇನ್ನೊಂದು ದಿನ ನೋಡ್ಬೋದಲ್ವಾ? ಆಗಿತ್ತಾ ಅಕ್ಕಾ?"

ಊರಿಗೆ ಊರೇ ಕಾವಿನವಳ ಬಾಯಿ ನೋಡಿತು. ಆರು ದಿನ ಅತ್ತೆ ಎನ್ನಬೇಕಿತ್ತು, ಮೂರೇ ಮಾತು. ಅವಳಿಗೆ ತೊರೆಯ ಆಚೆಯ ಬಯಲು ಕಾಣಿಸಿತು. ಅಲ್ಲಿ ಸೂರಿಲ್ಲ, ಮಡಕೆಯಿಲ್ಲ. ಅಲ್ಲಿ ಅವಳು ಕಾವಿನವಳೂ ಅಲ್ಲ. ಹೆಸರಂತೂ ಮೊದಲೇ ಇಲ್ಲ. ಹಾಗಾದರೆ ಅವಳು ಯಾರು?

"ನನ್ನ ಕಾವಲ್ಲಿ ಏನೂ ಕಮ್ಮಿಯಾಗಿಲ್ಲ," ಎಂದಳು.

ಗಂಟಿನಜ್ಜ ಹಗ್ಗ ಬಿಚ್ಚಿ ಬೆಂಕಿಗೆ ಹಾಕಿದ. ಕುಂಬಾರಗಿತ್ತಿ ತುಟಿಗಳನ್ನು ಒಳಕ್ಕೆ ಮಡಚಿ ಕಚ್ಚಿಕೊಂಡು ನಿಂತಳು. ಕೂಗಲೆಂದು ಬಂದಿದ್ದ ಹೆಸರನ್ನು ಅವಳು ನುಂಗುತ್ತಿರುವುದು ಗಂಟಲಲ್ಲಿ ಕಾಣಿಸಿತು.

ಮರಿಯಾಗದ ಮೊಟ್ಟೆಯನ್ನು ಒಡೆಯುವಂತಿಲ್ಲ. ಕಾವಿನವಳು ಒಬ್ಬಳೇ ತೊರೆಗೆ ಹೋಗಿ, ಅದನ್ನು ನೀರಿಗೆ ಬಿಟ್ಟು, ಹಿಂದಿರುಗಿ ನೋಡದೆ ಬರಬೇಕು. ಇಪ್ಪತ್ತು ವರ್ಷದಲ್ಲಿ ಅವಳು ಹನ್ನೊಂದು ಮೊಟ್ಟೆ ಬಿಟ್ಟಿದ್ದಳು, ಹನ್ನೊಂದು ಸಲವೂ ನೋಡದೆ ಬಂದಿದ್ದಳು.

ಈ ಸಲ ನೋಡಿದಳು. ತಪ್ಪು ಮಾಡಿದವರಿಗೆ ಹಿಂದಿರುಗಿ ನೋಡದೆ ಇರುವುದು ಕಷ್ಟ.

ಬಂಡೆಯ ಮಗ್ಗುಲಲ್ಲಿ ನೀರು ನಿಂತಿತ್ತು. ಗಾಳಿಯಿರಲಿಲ್ಲ, ಅಲೆಯಿರಲಿಲ್ಲ. ಮೊಟ್ಟೆ ತೇಲುತ್ತಿತ್ತು. ತೇಲುತ್ತಾ ಒಂದು ಸಲ ತಾನಾಗಿಯೇ ಓಲಿತು. ನಿಂತಿತು. ಮತ್ತೆ ಓಲಿತು. ಅದರ ಸುತ್ತ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳೆದ್ದವು. ಒಳಗಿನಿಂದ ಯಾರೋ ಕಾಲು ಒದೆಯುತ್ತಿದ್ದರು.

ಸೊಂಟದವರೆಗೆ ನೀರಿಗಿಳಿದು ಅದನ್ನು ಎತ್ತಿ ಎದೆಯೊಳಗಿಟ್ಟುಕೊಂಡಳು. ಬೇವಿನ ಮರ ಅಲ್ಲೇ ಕಾಣುತ್ತಿತ್ತು, ಇನ್ನೂರು ಹೆಜ್ಜೆ. ಜನ ಇನ್ನೂ ಚದುರಿರಲಿಲ್ಲ. ಕುಂಬಾರಗಿತ್ತಿ ಇನ್ನೂ ನಿಂತಲ್ಲೇ ನಿಂತಿದ್ದಳು. ಓಡಿದರೆ ಆಗುತ್ತಿತ್ತು. ಏದುಸಿರು ಬಿಡುತ್ತಾ, ಒದ್ದೆ ಸೀರೆಯಲ್ಲಿ, ಇಗೋ ನೋಡಿ ಎಂದಿದ್ದರೆ ಆಗುತ್ತಿತ್ತು. ಕಾವಿನವಳು ಓಡಲಿಲ್ಲ. ನಾಳೆ ಹೇಳುತ್ತೇನೆ, ಮರಿಯಾದ ಮೇಲೆ ತೋರಿಸಿಯೇ ಹೇಳುತ್ತೇನೆ, ಎಂದುಕೊಂಡಳು.

ಹಾಗೆಂದುಕೊಂಡು ನಿಂತಾಗಲೇ ಅವಳಿಗೆ ಆ ಹನ್ನೊಂದು ನೆನಪಾದವು. ಬೆನ್ನ ಹಿಂದೆ ಎಷ್ಟು ಓಲಿದ್ದವೋ! ಹಳೆಯ ಮುದುಕಿ ಬಿಟ್ಟು ಬಂದ ಇನ್ನೆಷ್ಟೋ, ಅವುಗಳಲ್ಲಿ ಒಂದು ತನ್ನದು. ಅದು ಓಲಿತ್ತೇ? ಮುದುಕಿಗೂ ಒಂದು ಚಳಿಗಾಲದಲ್ಲಿ ಅಳು ಬಂದಿತ್ತೇ? ಅಳಬೇಡ ಎಂದು ಅಷ್ಟು ಬಿಗಿಯಾಗಿ ಹೇಳಿದವಳು ಅಳದೇ ಇದ್ದವಳಾಗಿರಲಾರಳು. ಅವಳು ಬಂಡೆಯ ಮೇಲೆ ಕೂತಳು.

ಎರಡು ದಿನ ಮೊಟ್ಟೆ ಅವಳ ಎದೆಯಲ್ಲಿತ್ತು. ಅವಳು ಬಗ್ಗಲಿಲ್ಲ, ಮಲಗಲಿಲ್ಲ, ಗೋಡೆಗೆ ಒರಗಿಯೇ ಕೂತಳು. ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ರವಿಕೆಯೊಳಗೆ ಟಕ್ ಎಂದಿತು. ಹೊರಗೆ ತೆಗೆದಳು. ಚಿಪ್ಪಿನಲ್ಲಿ ಒಂದು ತೂತು, ತೂತಿನಲ್ಲಿ ಒಂದು ಕೊಕ್ಕು. ಬಿಡಿಸಲು ಕೈ ಹೋಯಿತು, ತಡೆದುಕೊಂಡಳು. ಅವಸರಪಟ್ಟು ಚಿಪ್ಪು ಸುಲಿದರೆ ಮರಿಗೆ ರಕ್ತ ಬರುತ್ತದೆ. ಕಾದಳು. ಸಂಜೆ ಹೊತ್ತಿಗೆ ಒದ್ದೆ ಮರಿಯೊಂದು ಅವಳ ಅಂಗೈ ಮೇಲೆ ಬಿದ್ದುಕೊಂಡು ಚಿಂವ್ ಎಂದಿತು.

ಓಗೊಡಲು ಊರಿರಲಿಲ್ಲ. "ಓ," ಎಂದಳು ಕಾವಿನವಳು ಒಬ್ಬಳೇ.

ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು. ಎದುರಿನ ಹಾದಿಯಲ್ಲಿ ಕುಂಬಾರಗಿತ್ತಿ ತೊಟ್ಟಿಲ ಬಟ್ಟೆ ಒಗೆದು ಹಿಂಡಿ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಕಣ್ಣು ಒಣಗಿತ್ತು. ತುಟಿ ಹಾಗೆಯೇ ಒಳಕ್ಕೆ ಮಡಚಿಕೊಂಡಿತ್ತು. ಕಾವಿನವಳು ಬಾಗಿಲ ಹಿಂದೆ ಸರಿದಳು. ನಾಳೆ ಎಂದಳು.

ಈ ನಾಳೆ ಎನ್ನುವುದು ಎಷ್ಟು ಉದ್ದವಾಗಬಹುದು ಎಂದು ನೀವು ಕೇಳಿದರೆ, ಅವಳದು ಹನ್ನೆರಡು ವರ್ಷವಾಯಿತು.

ಮರಿ ಹೇಂಟೆಯಾಯಿತು. ಬಿಳಿ ಹೇಂಟೆ. ಹಿತ್ತಲಿನಲ್ಲಿ ಯಾರೂ ಇಲ್ಲದಾಗ ಅವಳು ಅದನ್ನು ಕರೆಯುತ್ತಿದ್ದಳು, ಉಸಿರಿಗಿಂತ ಸ್ವಲ್ಪ ದಪ್ಪಗೆ, "ತುಂಬೇ..." ಎಂದು. ಅದು ಎಲ್ಲಿದ್ದರೂ ರೆಕ್ಕೆ ಅಗಲಿಸಿಕೊಂಡು ಓಡಿ ಬರುತ್ತಿತ್ತು. ಹೆಸರು ಸಾಯಬಾರದು, ಯಾರಾದರೂ ಬಳಸುತ್ತಿರಬೇಕು, ಒಂದು ದಿನ ಅದರ ಒಡತಿಗೆ ಒಪ್ಪಿಸಬೇಕು ಎಂದು ಅವಳ ಸಮಜಾಯಿಷಿ. ಒಪ್ಪಿಸುವ ದಿನ ಮಾತ್ರ ಬರಲಿಲ್ಲ.

ಒಂದು ಮಳೆಗಾಲ ಕುಂಬಾರಗಿತ್ತಿ ತನ್ನ ಬೇಲಿಯ ಗುಂಟ ಕೂತು ಗಿಡ ಕೀಳುತ್ತಿರುವುದನ್ನು ಜನ ನೋಡಿದರು. ಹೂ ಬಿಟ್ಟ ತುಂಬೆ ಗಿಡಗಳನ್ನು ಒಂದೊಂದಾಗಿ ಬೇರು ಸಹಿತ ಕಿತ್ತು ರಾಶಿ ಹಾಕಿದಳು. ಪಾಪ, ತಲೆಗಿಲೆ ಕೆಟ್ಟಿದೆಯೇನೋ ಎಂದುಕೊಂಡು ಹೋದರು. ಯಾಕೆಂದು ಗೊತ್ತಿದ್ದದ್ದು ಕಾವಿನವಳೊಬ್ಬಳಿಗೆ. ಸತ್ತ ಹೆಸರು ಬಾಗಿಲಲ್ಲೇ ಅರಳಿ ನಿಂತರೆ ಯಾವ ತಾಯಿ ಸಹಿಸಿಯಾಳು? ಅದು ಸತ್ತಿಲ್ಲ ಕಣೆ ತಾಯಿ, ನನ್ನ ಹಿತ್ತಲಿನಲ್ಲಿ ಕಾಳು ಹೆಕ್ಕುತ್ತಿದೆ, ಎನ್ನಲು ನಾಲಗೆ ಬರಲಿಲ್ಲ. ಆ ದಿನ ಅವಳು ಅನ್ನ ಮುಟ್ಟಲಿಲ್ಲ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಹುಡುಗಿ ಬೆಳೆದಳು. ಅವಳನ್ನು ಊರಿನಲ್ಲಿ ದೂರದಿಂದಲೇ ಗುರುತು ಹಿಡಿಯಬಹುದಿತ್ತು, ಯಾಕೆಂದರೆ ಅವಳ ರವಿಕೆಯ ಎಡಭುಜದ ಮೇಲೆ ಯಾವಾಗಲೂ ಜೇಡಿಮಣ್ಣಿನ ಕೈಗುರುತು ಇರುತ್ತಿತ್ತು. ಕುಂಬಾರಗಿತ್ತಿಗೆ ಮಗಳು ಬೇಕಾದಾಗಲೆಲ್ಲ ತಿರುಗುತ್ತಿದ್ದ ತಿಗರಿಯನ್ನು ನಿಲ್ಲಿಸಿ, ಎದ್ದು, ಅವಳಿದ್ದಲ್ಲಿಗೆ ನಡೆದು ಹೋಗಿ ಭುಜ ಮುಟ್ಟುತ್ತಿದ್ದಳು. ಬೇರೆ ತಾಯಂದಿರು ಕೂತಲ್ಲಿಂದ ಒಂದು ಕೂಗು ಹಾಕಿ ಮುಗಿಸುವ ಕೆಲಸಕ್ಕೆ ಅವಳು ದಿನಕ್ಕೆ ನೂರು ಸಲ ಎದ್ದು ನಡೆದಳು. ಒಗೆದ ರವಿಕೆಯ ಮೇಲೂ ಮಧ್ಯಾಹ್ನದ ಹೊತ್ತಿಗೆ ಐದು ಬೆರಳು ಮೂಡಿರುತ್ತಿದ್ದವು.

ಹುಡುಗಿಗೆ ಕಾವುಮನೆಯ ಹಿತ್ತಲೆಂದರೆ ಇಷ್ಟ. ಬಂದು ಹೇಂಟೆಗೆ ನುಚ್ಚು ಹಾಕಿಕೊಂಡು ಕೂರುತ್ತಿದ್ದಳು.

"ದೊಡ್ಡವ್ವಾ, ಇದಕ್ಕೆ ಹೆಸರಿದ್ಯಾ?"

"ಕೋಳಿಗೆ ಎಂಥಾ ಹೆಸರೇ?"

"ಮತ್ತೆ ಆಗ್ಲೇ ಏನೋ ಅಂತ ಕರೀತಿದ್ರಿ. ನಾನು ಬೇಲಿ ಹತ್ರ ಇದ್ದೆ."

"ಬಾ ಬಾ ಅಂದೆ, ಇನ್ನೇನು?"

"ಹೂಂ," ಎಂದಳು ಹುಡುಗಿ. ಸ್ವಲ್ಪ ಹೊತ್ತಿನ ಮೇಲೆ, "ಕರೆದ್ರೆ ಹೆಂಗೆ ಗೊತ್ತಾಗತ್ತೆ ಅದಕ್ಕೆ, ತನ್ನೇ ಕರೀತಿರೋದು ಅಂತ?" ಎಂದು ಕೇಳಿದಳು. ಕಾವಿನವಳು ಹೊಟ್ಟು ತರುವ ನೆವ ಮಾಡಿಕೊಂಡು ಒಳಗೆ ಹೋದಳು.

ಹುಡುಗಿಗೆ ಹನ್ನೆರಡು ತುಂಬಿದ ವರ್ಷ, ಬೇಸಿಗೆಯಲ್ಲಿ, ಕಾವಿನವಳು ಗೋಡೆಗೆ ಮೆತ್ತಲು ಮಣ್ಣು ತರಲೆಂದು ಜೇಡಿಮಣ್ಣಿನ ಗುಂಡಿಗೆ ಹೋಗಿದ್ದಳು. ನಾಲ್ಕಾರು ಮಂದಿ ಅಗೆಯುತ್ತಿದ್ದರು. ಹುಡುಗಿ ಎಲ್ಲರಿಗಿಂತ ಕೆಳಗೆ, ದಡಕ್ಕೆ ಬೆನ್ನು ಹಾಕಿ ಬುಟ್ಟಿ ತುಂಬುತ್ತಿದ್ದಳು. ಅವಳ ತಲೆಯ ಮೇಲಿನ ದಡದಲ್ಲಿ ಒಂದು ಬಿರುಕು ಬಾಯಿ ಬಿಟ್ಟಿತು. ಮೇಲಿನ ಹಾದಿಯಲ್ಲಿ ಬರುತ್ತಿದ್ದ ಕುಂಬಾರಗಿತ್ತಿ ಅದನ್ನು ಎಲ್ಲರಿಗಿಂತ ಮೊದಲು ಕಂಡಳು.

"ಮಗಾ!" ಎಂದು ಕೂಗಿದಳು. "ಮಗಾ, ಈಚೆ ಬಾ!"

ಅಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿಯೊಬ್ಬಳು ತಿರುಗಲಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಕೂಗೂ ಅವಳದಾಗಿರಲಿಲ್ಲ, ಇದು ಮಾತ್ರ ತನ್ನದೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಕುಂಬಾರಗಿತ್ತಿ ಬುಟ್ಟಿ ಎಸೆದು ಓಡಿದಳು, ಕೈಯನ್ನು ಮುಂದಕ್ಕೆ ಚಾಚಿಕೊಂಡು, ಭುಜವೊಂದು ಸಿಕ್ಕಿದರೆ ಸಾಕು ಎನ್ನುವಂತೆ.

ಕಾವಿನವಳು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಳು. ಹೆಸರು ಅವಳ ಹಲ್ಲಿನವರೆಗೆ ಬಂತು. ಬಂದು ಅಲ್ಲೇ ನಿಂತಿತು. ನಿಮಗೆ ಹೇಗೆ ಗೊತ್ತು ಆ ಹೆಸರು ಎಂದು ಎಲ್ಲರೂ ಕೇಳುತ್ತಾರಲ್ಲ ಎನ್ನಿಸಿತು. ಅಷ್ಟು ಹೊತ್ತಿನಲ್ಲೂ ಅದೇ ಎನ್ನಿಸಿತು.

ದಡ ಕುಸಿಯಿತು.

ಹುಡುಗಿಯನ್ನು ಅಗೆದು ತೆಗೆದರು. ಉಸಿರಿತ್ತು. ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿ ಹೋಗಿತ್ತು. ಮೂಳೆ ಕೂಡಿಸುವವನು ಬಿದಿರು ಪಟ್ಟಿ ಕಟ್ಟಿ, ಜೀವಕ್ಕೇನೂ ಅಪಾಯವಿಲ್ಲ, ಕಾಲು ಮಾತ್ರ ಮೊದಲಿನಂತಾಗುವುದಿಲ್ಲ ಎಂದ.

ಮರುದಿನ ಬೆಳಿಗ್ಗೆ ಕಾವಿನವಳು ಬೇವಿನ ಮರದ ಕೆಳಗೆ ಗಂಟಿನಜ್ಜನ ಮುಂದೆ ಹೋಗಿ ನಿಂತಳು. ಅವನು ಈಗ ತೀರಾ ಹಣ್ಣಾಗಿದ್ದ. ಅವಳು ಎಲ್ಲವನ್ನೂ ಹೇಳಿದಳು. ಹತ್ತಿ ಜಾರಿದ್ದು, ಅತ್ತದ್ದು, ಸುಳ್ಳಾಡಿದ್ದು, ಮೊಟ್ಟೆ ಓಲಿದ್ದು, ಮರಿಯಾದದ್ದು. ತೊರೆಯ ಆಚೆಗೆ ಹೋಗಲು ಸಿದ್ಧಳಾಗಿ ಬಟ್ಟೆಯ ಗಂಟನ್ನೂ ತಂದಿದ್ದಳು.

ಅಜ್ಜ ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟ.

"ಅಲ್ಲವ್ವಾ," ಎಂದ, "ಅವತ್ತೇ ಒಂದು ಮಾತು ಹೇಳಿದ್ರೆ ಇನ್ನೆರಡು ಗಂಟು ಹಾಕ್ತಿದ್ನಲ್ಲ. ಹಗ್ಗ ಉದ್ದ ಇತ್ತು."

"ಹಾಕ್ಬೋದಿತ್ತಾ?"

"ಹಾಕಬಾರ್ದು ಅಂತ ಯಾರು ಹೇಳಿದ್ರು? ಕಾವು ಕಮ್ಮಿಯಾದ್ರೆ ದಿನ ಜಾಸ್ತಿ ಬೇಕು, ಅಷ್ಟು ನನಗೆ ತಿಳಿಯಲ್ವಾ? ಕಾವು ಕಾಯೋರು ಯಾರೂ ಕೇಳ್ಲಿಲ್ಲ. ಹಳಬಳೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ಕಾವು ಸರಿಯಾಗಿತ್ತು, ಸರಿಯಾಗಿತ್ತು ಅಂತಲೇ ಅಂದ್ರಿ ಇಬ್ರೂ."

"ಅತ್ತವಳನ್ನ ಅಟ್ಟಿಬಿಡ್ತಾರೆ ಅಂತ..."

"ಅಟ್ಟೋದಾ? ಅಟ್ಟಿ, ಬೆಂಕಿ ಮುಂದೆ ಕೂರೋಕೆ ಇನ್ಯಾರನ್ನ ತರೋದು? ಆ ಮುದುಕೀನ ಯಾರೋ ಹೆದರ್ಸಿರ್ಬೇಕು. ಅವಳು ನಿನ್ನ ಹೆದರ್ಸಿದ್ಲು." ಅಜ್ಜ ಕಣ್ಣೊರೆಸಿಕೊಂಡ. "ಹೋಗವ್ವಾ. ನನಗೆ ಹೇಳಿ ಏನು ಬಂತು? ಹೇಳ್ಬೇಕಾದೋರಿಗೆ ಹೇಳು."

ಬಟ್ಟೆಯ ಗಂಟನ್ನು ಅವಳು ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ. ಅಟ್ಟಿದ್ದರೆ ಚೆನ್ನಾಗಿತ್ತು. ಹನ್ನೆರಡು ವರ್ಷ ಅವಳು ಹೆದರಿದ್ದ ಶಿಕ್ಷೆಯೇ ಇರಲಿಲ್ಲ ಎಂದರೆ, ಆ ಹುಡುಗಿ ತೆತ್ತದ್ದೆಲ್ಲ ಯಾತಕ್ಕೆ? ಅವಳು ಕಾವುಮನೆಗೆ ಹೋಗಿ ಬಿಳಿ ಹೇಂಟೆಯನ್ನು ಕಂಕುಳಲ್ಲಿಟ್ಟುಕೊಂಡು ಕುಂಬಾರಗಿತ್ತಿಯ ಮನೆಯ ಕಡೆ ನಡೆದಳು.

ಹುಡುಗಿ ಅಂಗಳದ ಆ ತುದಿಯಲ್ಲಿ, ಒಣಗಲು ಇಟ್ಟ ಹಸಿ ಮಡಕೆಗಳ ನಡುವೆ ಚಾಪೆಯ ಮೇಲೆ ಕೂತು, ಕಟ್ಟಿದ ಕಾಲನ್ನು ನೀಡಿಕೊಂಡಿದ್ದಳು. ಬೇಲಿಯ ಕಡೆಗೆ ಮುಖ ಮಾಡಿದ್ದಳು. ಕುಂಬಾರಗಿತ್ತಿ ತಿಗರಿಯ ಮುಂದಿದ್ದಳು. ಕಾವಿನವಳು ಹೇಂಟೆಯನ್ನು ನೆಲಕ್ಕೆ ಬಿಟ್ಟಳು. ಅದು ಮಡಕೆಗಳ ಸಂದಿಯಲ್ಲಿ ಕೆದಕುತ್ತಾ ಮರೆಯಾಯಿತು. ನಿಂತುಕೊಂಡೇ ಅವಳು, ಹುಡುಗಿಗೆ ಕೇಳಿಸದಷ್ಟು ಮೆಲ್ಲಗೆ, ಎರಡನೆಯ ಸಲ ಎಲ್ಲವನ್ನೂ ಹೇಳಿದಳು. ಈ ಸಲ ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ.

ತಿಗರಿ ತಾನಾಗಿಯೇ ನಿಧಾನವಾಗಿ ನಿಂತಿತು.

"ಅವತ್ತು ನಿಮ್ಮ ಬಾಯಿ ನೋಡ್ಕೊಂಡು ನಿಂತಿದ್ದೆ ಅಕ್ಕಾ," ಎಂದಳು ಕುಂಬಾರಗಿತ್ತಿ. ದನಿ ಎತ್ತಲಿಲ್ಲ. "ಬೇರೆ ಯಾರ ಬಾಯೂ ಅಲ್ಲ."

"ಹೂಂ."

"ಅದು ಸತ್ತಿರ್ಲಿಲ್ಲ."

"ಸತ್ತಿರ್ಲಿಲ್ಲ ಕಣವ್ವಾ. ಈಗ್ಲೂ ಇದೆ. ಈಗ್ಲಾದ್ರೂ ಕರಿ. ಏನೂ ಆಗಲ್ಲ, ಕರಿ."

ಕುಂಬಾರಗಿತ್ತಿ ಬಾಯಿ ತೆರೆದಳು. ಹನ್ನೆರಡು ವರ್ಷ ಒಳಕ್ಕೆ ಮಡಚಿದ್ದ ತುಟಿಗಳು ಬಿಚ್ಚಿಕೊಂಡವು. ಏನೂ ಹೊರಡಲಿಲ್ಲ. ದಿನಾ ನುಂಗಿ ನುಂಗಿ ಅದು ಎಲ್ಲಿ ಹೋಗಿತ್ತೋ, ಕೈ ಹಾಕಿ ತೆಗೆಯುವಷ್ಟು ಹತ್ತಿರದಲ್ಲಿರಲಿಲ್ಲ.

"ನನಗೆ ಬರ್ತಿಲ್ಲ," ಎಂದಳು. "ನೀವು ದಿನಾ ಕರೀತಿದ್ರಲ್ಲ. ನೀವೇ ಕರೀರಿ."

ಕಾವಿನವಳು ಹುಡುಗಿಯ ಬೆನ್ನನ್ನು ನೋಡಿದಳು. ಭುಜದ ಮೇಲೆ ಬೆಳಗಿನ ಮಣ್ಣಿನ ಗುರುತು ಆಗಲೇ ಒಣಗಿ ಬಿಳಿಚಿಕೊಂಡಿತ್ತು. ಇದಕ್ಕಾಗಿಯೇ ಕಾಪಾಡಿಕೊಂಡು ಬಂದೆ ಎಂದುಕೊಂಡಳು. ಕೊನೆಗೂ ಕೊಡುತ್ತಿದ್ದೇನೆ ಎಂದುಕೊಂಡಳು. ಎದೆ ತುಂಬ ಉಸಿರು ತೆಗೆದುಕೊಂಡು, ಬದುಕಿನಲ್ಲಿ ಮೊದಲ ಸಲ ಗಟ್ಟಿಯಾಗಿ ಕೂಗಿದಳು.

"ತುಂಬೇ!"

ಹುಡುಗಿ ಬೇಲಿಯನ್ನು ನೋಡುತ್ತಾ ಕೂತೇ ಇದ್ದಳು.

ಮಡಕೆಗಳ ಹಿಂದಿನಿಂದ ಮುದಿ ಹೇಂಟೆ ರೆಕ್ಕೆ ಅಗಲಿಸಿಕೊಂಡು, ಒಂದು ಹಸಿ ಮಡಕೆಯನ್ನು ಉರುಳಿಸಿಕೊಂಡು ಓಡಿ ಬಂದು, ಕಾವಿನವಳ ಕಾಲ ಬಳಿ ನಿಂತು ಮುಖವೆತ್ತಿ ನೋಡಿತು.

ಮಡಕೆ ಬಿದ್ದ ಸದ್ದಿಗೆ ಹುಡುಗಿ ಕೆಳಗೆ ಕಣ್ಣು ಹಾಯಿಸಿದಳು. "ದೊಡ್ಡವ್ವಾ, ಅದಕ್ಕೆ ಹಸಿವಾಗಿರ್ಬೇಕು," ಎಂದಳು. "ಏನಾದ್ರೂ ಹಾಕಿ." ಮತ್ತೆ ಬೇಲಿಯ ಕಡೆಗೇ ಮುಖ ಮಾಡಿದಳು.

ಕಾವಿನವಳು ಇನ್ನೊಂದು ಸಲ ಕೂಗಲಿಲ್ಲ. ಆ ಹೆಸರು ಯಾರದಾಗಿದೆ ಎಂದು ಅವಳು ಕಣ್ಣಾರೆ ಕಂಡಿದ್ದಳು, ಹಾಗೆ ಮಾಡಿದವಳು ತಾನೇ ಎಂಬುದನ್ನೂ ಕಂಡಿದ್ದಳು.

ಕುಂಬಾರಗಿತ್ತಿ ತಿಗರಿಯ ಮುಂದಿನಿಂದ ಎದ್ದಳು. ಕೈಯ ಮಣ್ಣು ತೊಳೆದುಕೊಳ್ಳದೆ, ಕಾವಿನವಳನ್ನು ದಾಟಿ, ಹೇಂಟೆಯನ್ನು ದಾಟಿ, ಅಂಗಳದ ಆ ತುದಿಯವರೆಗೆ ನಡೆದು ಹೋಗಿ ಮಗಳ ಎಡಭುಜವನ್ನು ಮುಟ್ಟಿದಳು.

ಆಗ ಹುಡುಗಿ ತಿರುಗಿದಳು.